ವಾಹನಗಳ ಮೂಲವರ್ಣನಿರ್ಣಯ

೧. ಉಪೋದ್ಘಾತ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿಯನ್ನು ದಾಟಿದ ಮೇಲೆ ಮಲಪನಗುಡಿಯೆಂಬ ಗ್ರಾಮವು ದೊರೆಯುತ್ತದೆ. ವಿಜಯನಗರದ ಅರಸರ ಕಾಲದ ಕಲ್ಲಿನ ಬಾವಿಯಿಂದ ಪ್ರಾಚ್ಯಶೋಧಕರಿಗೆ ಪರಿಚಿತವಾದ ಈ ಊರಿನಲ್ಲಿ ಕುಳಿತು, ಶಾಸನವನ್ನಾಗಲಿ ಶಿಲ್ಪವನ್ನಾಗಲಿ ವಿಚಾರಿಸದೆ, ಮೋಟಾರು ವಾಹನದ ಬಣ್ಣವನ್ನು ಕುರಿತು ಬರೆಯುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಒಂದು ವಸ್ತುವಿನ ಮೂಲರೂಪವು ಯಾವುದು, ಅದನ್ನು ಯಾವ ಪ್ರಮಾಣದಿಂದ ತಿಳಿಯಬೇಕು ಎಂಬ ಪ್ರಶ್ನೆಯು ಜೀರ್ಣವಾದ ತಾಳೆಯೋಲೆಗೂ ಪೆಟ್ಟು ತಿಂದ ವಾಹನಕ್ಕೂ ಸಮಾನವೇ ಆಗಿದೆ. ಈ ಪ್ರಶ್ನೆಯನ್ನು ಸರಿಯಾಗಿ ವಿಚಾರಿಸದೆ ಇದ್ದುದರಿಂದ ನಾನು ಒಬ್ಬ ಕುಶಲನಾದ ಕೆಲಸಗಾರನ ಮೇಲೆ ಸುಳ್ಳು ದೋಷವನ್ನು ಹೊರಿಸಿದೆನು. ಪ್ರಕೃತ ಲೇಖನಕ್ಕೆ ಅದೇ ನಿಮಿತ್ತವಾದುದರಿಂದ ಅದನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ.

ನಮ್ಮ ಮನೆಯ ವಾಹನವು ಬೆಳ್ಳಿಯ ಬಣ್ಣದ್ದು. ಹತ್ತು ವರ್ಷದ ಹಳೆಯದು. ಅದರ ಎಡಬದಿಯ ಮುಂಬಾಗಿಲು ಕಬ್ಬಿನ ಬಂಡಿಗೆ ತಗುಲಿ ನೆಗ್ಗಿತು. ಗ್ಯಾರೇಜಿನಲ್ಲಿ ತಗಡನ್ನು ತಟ್ಟಿ ಸಮ ಮಾಡಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕೊಟ್ಟರು. ತಗಡಿನ ಮಾಡಿನ ಕೆಳಗೆ ನಿಂತು ನೋಡಿದಾಗ ಬಾಗಿಲಿಗೂ ಮೈಗೂ ಭೇದವೇ ಕಾಣಲಿಲ್ಲ. ಊರಿಗೆ ಬಂದು ಬಿಸಿಲಿನಲ್ಲಿ ನಿಲ್ಲಿಸಿದಾಗಲಾದರೋ ಬಾಗಿಲು ಬೇರೆ, ಮೈ ಬೇರೆ ಎಂಬಂತೆ ತೋರಿತು. ಅಗ್ಗದ ಬಣ್ಣವನ್ನು ಹೊಡೆದು ಮೋಸ ಮಾಡಿದಿರೆಂದು ನಾನು ಆಕ್ಷೇಪಿಸಿ, ಕೊಡಬೇಕಾಗಿದ್ದ ಬಾಕಿ ಹಣವನ್ನು ತಡೆದೆನು. ಆಗ ಆ ಮೇಸ್ತ್ರಿಯು ಡಬ್ಬಿಯ ಮೇಲಿನ ಚೀಟಿಯನ್ನು ತೋರಿಸಿ, "ನಂಬರ್ ಅದೇ ಐತ್ರಿ ಆಚಾರ್ರೆ, ಬಣ್ಣ ಬ್ಯಾರೆ ಹೆಂಗಾದೀತು?" ಎಂದನು. ಚೀಟಿಯಲ್ಲಿದ್ದ ಸಂಖ್ಯೆಯೂ ವಾಹನದ ಫಲಕದಲ್ಲಿದ್ದ ಸಂಖ್ಯೆಯೂ ಒಂದೇ ಆಗಿದ್ದವು. ಶಬ್ದವು ಒಂದಾಗಿದ್ದು ಅರ್ಥವು ಎರಡಾದುದು ಹೇಗೆ? ಇದನ್ನೇ ಮುಂದೆ ವಿಚಾರಿಸಲಾಗುವುದು.

೨. ಮೂಲವರ್ಣವೆಂಬ ಪದದ ಎರಡರ್ಥಗಳು

ಮೂಲವರ್ಣವೆಂಬ ಪದವನ್ನು ಜನರು ಎರಡರ್ಥಗಳಲ್ಲಿ ಉಪಯೋಗಿಸುತ್ತಾರೆ. ಕಾರ್ಖಾನೆಯಿಂದ ಹೊರಟ ದಿನ ವಾಹನಕ್ಕೆ ಇದ್ದ ಬಣ್ಣವು ಒಂದು, ಇದನ್ನು ಜನ್ಮವರ್ಣವೆನ್ನೋಣ. ಇಂದು ಅದರ ಮೈಯಲ್ಲಿ ಕಾಣುವ ಬಣ್ಣವು ಮತ್ತೊಂದು, ಇದನ್ನು ವರ್ತಮಾನವರ್ಣವೆನ್ನೋಣ. ಇವೆರಡೂ ಒಂದೇ ಎಂದು ಭಾವಿಸುವುದೇ ಸಕಲ ಅನರ್ಥಗಳಿಗೂ ಬೀಜವು.

ಬಿಸಿಲಿನಲ್ಲಿ ಅಡಗಿರುವ ನೇರಳಾತೀತ ಕಿರಣಗಳು ಬಣ್ಣದ ದ್ರವ್ಯವನ್ನೂ ಅದನ್ನು ಹಿಡಿದಿಟ್ಟಿರುವ ರಾಳವನ್ನೂ ಕ್ರಮೇಣ ಕೆಡಿಸುತ್ತವೆ. ಕೆಂಪು ಮತ್ತು ಹಳದಿಯ ಕೆಲವು ದ್ರವ್ಯಗಳು ಬೇಗನೆ ಮಾಸುತ್ತವೆ. ಬಿಳಿಯ ವಾಹನಗಳು ಕಾಲಕ್ರಮದಲ್ಲಿ ತುಸು ಹಳದಿಗೆ ತಿರುಗುವುದುಂಟು. ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷವಿದೆ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರಿನ ಧೂಳು ಹೊಸಪೇಟೆಯ ಸುತ್ತಿನ ರಸ್ತೆಗಳಲ್ಲಿ ಹರಡಿ, ವಾಹನಗಳ ಮೇಲೆ ಕಾವಿಯ ಲೇಪದಂತೆ ಕುಳಿತುಕೊಳ್ಳುತ್ತದೆ. ಒಣಬಟ್ಟೆಯಿಂದ ಇದನ್ನು ಒರಸಿದರೆ ಗಟ್ಟಿಯಾದ ಆ ಕಣಗಳು ಮೇಲಿನ ಹೊಳಪಿನ ಪದರವನ್ನು ಗೀರುತ್ತವೆ. ಸೂಕ್ಷ್ಮವಾದ ಗೀರುಗಳಿಂದ ಬೆಳಕು ಚೆದರಿ ಬಣ್ಣವು ಮಂಕಾಗಿ ಕಾಣುತ್ತದೆ. ಈ ಮಂಕು ಬಣ್ಣದ ದೋಷವಲ್ಲ, ಮೈಯ ದೋಷವು.

ಆದುದರಿಂದ ಮೊದಲು ಪ್ರಯೋಜನವನ್ನು ನಿಶ್ಚಯಿಸಬೇಕು. ವಾಹನಕ್ಕೆ ಸಂಪೂರ್ಣವಾಗಿ ಹೊಸ ಬಣ್ಣವನ್ನು ಹೊಡೆಯಿಸುವುದಾದರೆ ಜನ್ಮವರ್ಣವು ಗ್ರಾಹ್ಯವು. ಒಂದು ಬಾಗಿಲಿಗೋ ಬಾನೆಟ್ಟಿಗೋ ಮಾತ್ರ ಹೊಡೆಯಿಸುವುದಾದರೆ, ನೆರೆಯ ಭಾಗಗಳಿಗೆ ಹೊಂದತಕ್ಕ ವರ್ತಮಾನವರ್ಣವೇ ಗ್ರಾಹ್ಯವು. ಹಂಪೆಯ ಹಳೆಯ ಮಂಟಪವೊಂದಕ್ಕೆ ಅದೇ ಗುಡ್ಡದ ಅದೇ ಕಲ್ಲನ್ನು ಹೊಸದಾಗಿ ಸೀಳಿ ತಂದು ಕಂಬವಾಗಿ ನಿಲ್ಲಿಸಿದರೂ ಅದು ಹೊಸತೆಂದು ದೂರದಿಂದಲೇ ತಿಳಿಯುತ್ತದೆ. ಕಲ್ಲಿನ ಜಾತಿಯು ಒಂದೇ ಆದರೂ ಬಿಸಿಲುಮಳೆಗಳ ಸಂಸ್ಕಾರವು ಒಂದಲ್ಲ.

೩. ಕಾರ್ಖಾನೆಯ ಬಣ್ಣದ ಸ್ವರೂಪ

ವಾಹನಗಳ ಬಣ್ಣವು ಮೊದಲು ಇಷ್ಟು ಗಹನವಾದ ವಿಷಯವಾಗಿರಲಿಲ್ಲ. ಅಮೆರಿಕದ ಫೋರ್ಡ್ ಕಾರ್ಖಾನೆಯವರು ೧೯೧೪ರಿಂದ ೧೯೨೫ರವರೆಗೆ ತಮ್ಮ ಟಿ ಮಾದರಿಯ ವಾಹನವನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರುತ್ತಿದ್ದರು. ೧೯೨೩ರಲ್ಲಿ ಡ್ಯೂಪಾಂಟ್ ಸಂಸ್ಥೆಯವರ ಡ್ಯೂಕೋ ಎಂಬ ಬೇಗನೆ ಒಣಗುವ ಬಣ್ಣವು ಜನರಲ್ ಮೋಟಾರ್ಸ್ ಸಂಸ್ಥೆಯ ಓಕ್‌ಲೆಂಡ್ ವಾಹನಗಳಿಗೆ ಉಪಯೋಗಕ್ಕೆ ಬಂದ ಮೇಲೆ ನಾನಾ ವರ್ಣದ ವಾಹನಗಳು ಸುಲಭವಾದವು. ನಮ್ಮ ಕಡೆಯ ಪೇಂಟರುಗಳು ಈಗಲೂ ವಾಹನದ ಬಣ್ಣವನ್ನು ಡುಕೋ ಎಂದೇ ಕರೆಯುವುದು ಆ ಹೆಸರಿನ ಅವಶೇಷವಾಗಿದೆ.

ಈಗಿನ ಕಾರ್ಖಾನೆಗಳಲ್ಲಿ ಉಕ್ಕಿನ ಮೈಯನ್ನು ತೊಳೆದು, ತುಕ್ಕು ಹಿಡಿಯದಂತೆ ಸಂಸ್ಕರಿಸಿ, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಮೊದಲನೆಯ ಪದರವನ್ನು ಅಂಟಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ವರ್ಣವನ್ನು ಕೊಡುವ ಬೇಸ್ ಕೋಟು, ಎಲ್ಲಕ್ಕೂ ಮೇಲೆ ವರ್ಣರಹಿತವಾಗಿ ಹೊಳೆಯುವ ಕ್ಲಿಯರ್ ಕೋಟು. ಇದು ಸಾಮಾನ್ಯ ಕ್ರಮವು. ಇವೆಲ್ಲ ಸೇರಿದ ದಪ್ಪವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಮೇಲಿನ ಪದರಗಳನ್ನು ಸುಮಾರು ೧೪೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೇಯಿಸುತ್ತಾರೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಪಾಕಜರೂಪದ ವಿಚಾರವು ನೆನಪಿಗೆ ಬಾರದೆ ಇರದು. ಹಸಿಯ ಗಡಿಗೆಯ ಕಪ್ಪು ಹೋಗಿ ಆವಿಗೆಯಲ್ಲಿ ಕೆಂಪು ಹುಟ್ಟುವಾಗ, ಪರಮಾಣುಗಳಲ್ಲಿಯೇ ಪಾಕವಾಗುತ್ತದೆಂದು ವೈಶೇಷಿಕರೂ, ಇಡಿಯ ಗಡಿಗೆಯಲ್ಲಿಯೇ ಆಗುತ್ತದೆಂದು ನೈಯಾಯಿಕರೂ ವಾದಿಸಿದರು. ಆ ವಾದವು ಹೇಗೇ ಇರಲಿ, ಶಾಖವು ದ್ರವ್ಯದ ಒಳಗನ್ನೇ ಮಾರ್ಪಡಿಸುತ್ತದೆಂಬುದು ಉಭಯಸಮ್ಮತವು. ಕಾರ್ಖಾನೆಯ ಬಣ್ಣದಲ್ಲಿಯೂ ಶಾಖದಿಂದ ರಾಳದ ಅಣುಗಳು ಒಂದರೊಡನೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆದರೆ ಗ್ಯಾರೇಜಿಗೆ ಬಂದ ವಾಹನದಲ್ಲಿ ಟೈರು, ತಂತಿ, ಪ್ಲಾಸ್ಟಿಕ್ಕು, ಆಸನ ಎಲ್ಲವೂ ಇರುವುದರಿಂದ ಅದನ್ನು ಅಷ್ಟು ಶಾಖಕ್ಕೆ ಒಡ್ಡುವಂತಿಲ್ಲ. ಅಲ್ಲಿ ಗಡಸುಗಾರಕವನ್ನು ಬೆರಸಿ, ಸುಮಾರು ೬೦ ಡಿಗ್ರಿಯ ಶಾಖದಲ್ಲಾಗಲಿ ಬರಿಯ ಗಾಳಿಯಲ್ಲಾಗಲಿ ಒಣಗುವ ಬೇರೆ ದ್ರವ್ಯವನ್ನು ಉಪಯೋಗಿಸುತ್ತಾರೆ.

ಇದರಿಂದ ಒಂದು ಮುಖ್ಯವಾದ ಸಿದ್ಧಾಂತವು ಲಭಿಸುತ್ತದೆ. ಕಾರ್ಖಾನೆಯ ಬಣ್ಣವೆಂದು ಅಂಗಡಿಯಲ್ಲಿ ಮಾರುವುದು ಕಾರ್ಖಾನೆಯ ಬಣ್ಣವಲ್ಲ. ಬೇರೊಂದು ದ್ರವ್ಯದಿಂದ ಮಾಡಿದ ಅದರ ಪ್ರತಿಕೃತಿಯು. ಪ್ರತಿಕೃತಿಯಲ್ಲಿ ಸಾದೃಶ್ಯವನ್ನು ಹುಡುಕಬಹುದೇ ಹೊರತು ತಾದಾತ್ಮ್ಯವನ್ನಲ್ಲ.

೪. ಶಬ್ದಪ್ರಮಾಣ: ಸಂಕೇತಫಲಕ

ವರ್ಣನಿರ್ಣಯಕ್ಕೆ ಮೊದಲನೆಯ ಪ್ರಮಾಣವು ತಯಾರಿಸಿದವರ ವಚನವು. ಅವರು ಪ್ರತಿಯೊಂದು ಬಣ್ಣಕ್ಕೂ ಒಂದು ಸಂಕೇತವನ್ನು ಕೊಟ್ಟು, ಅನೇಕ ವಾಹನಗಳಲ್ಲಿ ಅದನ್ನು ಫಲಕದಲ್ಲಿ ಅಚ್ಚು ಮಾಡಿರುತ್ತಾರೆ. ಆ ಫಲಕವು ಬಾಗಿಲನ್ನು ತೆರೆದಾಗ ಕಾಣುವ ಕಂಬದಲ್ಲಿಯೋ, ಬಾನೆಟ್ಟಿನ ಕೆಳಗೆ ಇಂಜಿನ್ನಿನ ಹಿಂಬದಿಯ ಗೋಡೆಯಲ್ಲಿಯೋ, ಡಿಕ್ಕಿಯ ಒಳಗೋ ಇರುತ್ತದೆ. ಸುಜುಕಿ ವಾಹನಗಳಲ್ಲಿ ೨೬ಯು ಎಂದರೆ ಸುಪೀರಿಯರ್ ವೈಟ್ ಎಂಬ ಬಿಳುಪು, ಜೆಡ್೨ಎಸ್ ಎಂದರೆ ಸಿಲ್ಕಿ ಸಿಲ್ವರ್ ಎಂಬ ಬೆಳ್ಳಿಯ ಬಣ್ಣ. ಟೊಯೊಟಾ ಫಲಕದಲ್ಲಿ ಸಿ/ಟಿಆರ್ ಎಂಬ ಅಕ್ಷರಗಳ ಮುಂದೆ ಮೊದಲು ಮೈಯ ಬಣ್ಣದ ಸಂಕೇತವೂ, ಗೆರೆಯ ಆಚೆ ಒಳಗಿನ ಸಜ್ಜಿಕೆಯ ಸಂಕೇತವೂ ಇರುತ್ತವೆ. ಎರಡನೆಯದನ್ನು ಮೊದಲನೆಯದೆಂದು ಓದಿದವರು ಅಂಗಡಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಹೆಸರನ್ನು ನಂಬಬಾರದು, ಸಂಕೇತವನ್ನೇ ಹಿಡಿಯಬೇಕು. ಬಿಳುಪು ಎಂಬ ಹೆಸರು ಎಲ್ಲ ಕಾರ್ಖಾನೆಗಳಲ್ಲಿಯೂ ಉಂಟು. ಆದರೆ ಟೈಟೇನಿಯಮ್ಮಿನ ಬಿಳಿಯ ಪುಡಿಗೆ ಒಬ್ಬರು ಹನಿ ಕಪ್ಪನ್ನೂ, ಒಬ್ಬರು ಹನಿ ಹಳದಿಯನ್ನೂ, ಮತ್ತೊಬ್ಬರು ನೀಲಿಯನ್ನೂ ಸೇರಿಸಿರುತ್ತಾರೆ. ಹೊಸಪೇಟೆಯ ಕೆಎ ೩೫ ಗುರುತಿನ ವಾಹನವಾಗಲಿ ಬೇರೆ ಊರಿನದಾಗಲಿ, ನೋಂದಣಿಪತ್ರದಲ್ಲಿರುವ ಬಣ್ಣದ ಹೆಸರು ಗುರುತಿಗೆ ಸಾಕೇ ಹೊರತು ಬೆರಕೆಗೆ ಸಾಲದು. ಆ ಪತ್ರಕ್ಕೆ ಬೇರೊಂದು ಪ್ರಯೋಜನವಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ ನೋಂದಣಿಯಲ್ಲಿರುವ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದು. ಬಣ್ಣವನ್ನೇ ಬದಲಿಸುವವರು ನೋಂದಣಿ ಅಧಿಕಾರಿಗಳಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಮೂಲವರ್ಣವನ್ನೇ ಮತ್ತೆ ಹೊಡೆಯಿಸುವವರಿಗೆ ಈ ತೊಡಕಿಲ್ಲ.

ಫಲಕವು ಅಳಿದುಹೋಗಿದ್ದರೆ ಚಾಸಿ ಸಂಖ್ಯೆಯನ್ನು ಕೊಟ್ಟು ಆ ಕಾರ್ಖಾನೆಯ ಮಾರಾಟಗಾರರಲ್ಲಿ ವಿಚಾರಿಸಬಹುದು. ಸಂಖ್ಯೆಯ ಅಕ್ಷರಗಳಲ್ಲಿ ಸಾಮಾನ್ಯವಾಗಿ ಬಣ್ಣವು ಅಡಗಿರುವುದಿಲ್ಲ. ಆ ಸಂಖ್ಯೆಯ ಎದುರಿಗೆ ಕಾರ್ಖಾನೆಯ ಲೆಕ್ಕದಲ್ಲಿ ಬರೆದಿರುತ್ತದೆ.

ಇಷ್ಟಾದರೂ ನನ್ನ ವಾಹನದ ಸಂಶಯವು ತೀರುವುದಿಲ್ಲ. ಏಕೆಂದರೆ ಅಲ್ಲಿ ಸಂಕೇತವು ಸರಿಯಾಗಿಯೇ ಇದ್ದಿತು. ಇದರ ಪರಿಹಾರವು ಗ್ರಂಥಸಂಪಾದಕರಿಗೆ ಸುಪರಿಚಿತವಾದುದು. ಒಂದೇ ಗ್ರಂಥವನ್ನು ಹಲವು ಲಿಪಿಕಾರರು ಹಲವು ಊರುಗಳಲ್ಲಿ ಬರೆದಾಗ ಪಾಠಾಂತರಗಳು ಹುಟ್ಟುವಂತೆ, ಒಂದೇ ಸಂಕೇತದ ಬಣ್ಣವನ್ನು ಬೇರೆಬೇರೆ ಕಾರ್ಖಾನೆಗಳಲ್ಲಿ, ಬೇರೆಬೇರೆ ವರ್ಷಗಳಲ್ಲಿ, ಬೇರೆಬೇರೆ ತಯಾರಕರ ದ್ರವ್ಯದಿಂದ ಹೊಡೆದಾಗ ಅಲ್ಪಸ್ವಲ್ಪ ಭೇದಗಳು ಹುಟ್ಟುತ್ತವೆ. ಬಣ್ಣದ ಕಂಪೆನಿಗಳು ಇದನ್ನು ಬಲ್ಲವು. ಆದುದರಿಂದ ಒಂದು ಸಂಕೇತಕ್ಕೆ ಒಂದು ಪ್ರಧಾನ ಬೆರಕೆಯನ್ನೂ, ಅದರೊಡನೆ ತುಸು ಹಳದಿಗೆ ವಾಲಿದ್ದು, ನೀಲಿಗೆ ವಾಲಿದ್ದು, ಒರಟು ಕಣದ್ದು ಎಂಬ ಉಪಭೇದಗಳನ್ನೂ ತಮ್ಮ ಕೋಷ್ಟಕಗಳಲ್ಲಿ ಇಟ್ಟಿರುತ್ತವೆ. ಅಂಗಡಿಯವರು ಯಾವುದನ್ನೂ ಕೇಳದೆ ಪ್ರಧಾನ ಬೆರಕೆಯನ್ನು ಕಲಸಿ ಕೊಡುವುದು ರೂಢಿ. ನನ್ನ ಬಾಗಿಲಿಗೆ ಬಿದ್ದುದು ಪ್ರಧಾನಪಾಠ. ನನ್ನ ವಾಹನವಾದರೋ ಪಾಠಾಂತರವು. ಸಂಕೇತವು ಸುಳ್ಳಲ್ಲ, ಆದರೆ ಅದು ಜಾತಿಯನ್ನು ಹೇಳುತ್ತದೆಯೇ ಹೊರತು ವ್ಯಕ್ತಿಯನ್ನಲ್ಲ.

೫. ಪ್ರತ್ಯಕ್ಷ ಮತ್ತು ಬೆಳಕು

ರೂಪವು ಕಣ್ಣಿಗೆ ಮಾತ್ರ ಗೋಚರವಾದ ಗುಣವೆಂದು ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ನಿರೂಪಿಸಿ, ಅದನ್ನು ಬಿಳುಪು, ನೀಲ, ಹಳದಿ, ಕೆಂಪು, ಹಸುರು, ಕಪಿಶ, ಚಿತ್ರ ಎಂದು ಏಳಾಗಿ ವಿಭಾಗಿಸಿದ್ದಾನೆ. ಕಣ್ಣು ಪ್ರಮಾಣವಾಗಬೇಕಾದರೆ ಬೆಳಕಿನ ಸಹಕಾರವು ಬೇಕು. ಬೆಳಕು ಬೇರೆಯಾದರೆ ಜ್ಞಾನವೂ ಬೇರೆಯಾಗುತ್ತದೆ. ತಗಡಿನ ಮಾಡಿನ ಕೆಳಗೆ ವಿದ್ಯುದ್ದೀಪದಲ್ಲಿ ಒಂದಾಗಿ ಕಂಡ ಎರಡು ಬಣ್ಣಗಳು ಬಿಸಿಲಿನಲ್ಲಿ ಭಿನ್ನವಾಗಿ ತೋರುವುದಕ್ಕೆ ಕಾರಣವಿದೆ. ಎರಡು ಬೆರಕೆಗಳಲ್ಲಿನ ದ್ರವ್ಯಗಳು ಬೇರೆಯಾಗಿದ್ದರೂ ಒಂದು ದೀಪದ ಬೆಳಕನ್ನು ಕಣ್ಣಿಗೆ ಸಮಾನವೆನಿಸುವಂತೆ ಹಿಂದಿರುಗಿಸಬಹುದು. ದೀಪವು ಬದಲಾದಾಗ ಆ ಸಾಮ್ಯವು ಮುರಿಯುತ್ತದೆ. ಆದುದರಿಂದ ಪರೀಕ್ಷೆಯನ್ನು ಹಗಲಿನಲ್ಲಿ, ಮೊದಲು ಉತ್ತರದಿಕ್ಕಿನ ಆಕಾಶದ ಬೆಳಕು ಬೀಳುವ ನೆರಳಿನಲ್ಲಿ, ಅನಂತರ ನೇರವಾದ ಬಿಸಿಲಿನಲ್ಲಿ, ಕೊನೆಗೆ ದೀಪದಲ್ಲಿ ಮಾಡಬೇಕು. ಮೂರರಲ್ಲಿಯೂ ಹೊಂದಿದ್ದೇ ಹೊಂದಿಕೆಯು.

ಏನನ್ನು ನೋಡಬೇಕೆಂಬುದೂ ವಿಚಾರಣೀಯವು. ಪೇಂಟರುಗಳು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿಕೊಂಡು ಬಣ್ಣದ ಅಂಗಡಿಗೆ ಹೋಗುವುದುಂಟು. ಇದು ಸಾಧುವಾದ ಪದ್ಧತಿ. ಅದರ ಹೊರಮೈಯು ವಾಹನದೊಡನೆಯೇ ಬಿಸಿಲಿನಲ್ಲಿ ಬೆಂದಿರುವುದರಿಂದ ವರ್ತಮಾನವರ್ಣಕ್ಕೆ ಸಾಕ್ಷಿಯಾಗುತ್ತದೆ. ಜನ್ಮವರ್ಣವು ಬೇಕಾದಾಗಲಾದರೋ ಬಾಗಿಲಿನ ರಬ್ಬರಿನ ಅಡಿಯಲ್ಲಿ, ಡಿಕ್ಕಿಯ ಚಾಪೆಯ ಕೆಳಗೆ, ಬಿಸಿಲು ಕಾಣದ ಎಡೆಗಳಲ್ಲಿ ನೋಡಬೇಕು. ಎಂತಹ ಸಾಕ್ಷಿಯೇ ಆಗಲಿ, ಅದನ್ನು ಮೊದಲು ನೀರಿನಿಂದ ಧಾರಾಳವಾಗಿ ತೊಳೆದು ಪಾಲಿಶ್ ಮಾಡಬೇಕು. ಅದಿರಿನ ಧೂಳಿರುವ ಮೈಯನ್ನು ನೋಡಿ ಬಣ್ಣವನ್ನು ಕಲಸಿದವನು ಧೂಳಿನ ಬಣ್ಣವನ್ನು ಕಲಸಿದವನಾಗುತ್ತಾನೆ.

೬. ಅನುಮಾನ: ವರ್ಣಮಾಪಕ ಯಂತ್ರ

ಕಣ್ಣಿನ ಸಾಕ್ಷ್ಯವು ಪುರುಷಭೇದದಿಂದ ಭೇದಿಸುವುದರಿಂದ, ಬಣ್ಣವನ್ನು ಅಂಕೆಗಳಲ್ಲಿ ಹೇಳುವ ಪ್ರಯತ್ನವು ನಡೆಯಿತು. ೧೯೩೧ರಲ್ಲಿ ದೀಪ್ತಿಶಾಸ್ತ್ರದ ಅಂತರರಾಷ್ಟ್ರೀಯ ಆಯೋಗದವರು ಸಾಮಾನ್ಯ ಮಾನವದೃಷ್ಟಿಯನ್ನು ಅಂಕೆಗಳಿಂದ ನಿರೂಪಿಸಿದರು. ೧೯೭೬ರಲ್ಲಿ ಬಣ್ಣವನ್ನು ಬೆಳಕು-ಕಪ್ಪು, ಕೆಂಪು-ಹಸುರು, ಹಳದಿ-ನೀಲಿ ಎಂಬ ಮೂರು ಅಕ್ಷಗಳಲ್ಲಿ ಗುರುತಿಸುವ ಪದ್ಧತಿಯನ್ನು ಅಂಗೀಕರಿಸಿದರು. ಈಗ ದೊಡ್ಡ ಬಣ್ಣದ ಅಂಗಡಿಗಳಲ್ಲಿರುವ ವರ್ಣಮಾಪಕ ಯಂತ್ರವನ್ನು ವಾಹನದ ಮೈಗೆ ಒತ್ತಿ ಹಿಡಿದರೆ, ಅದು ಹಿಂದಿರುಗಿದ ಬೆಳಕನ್ನು ಅಳೆದು, ತನ್ನ ಕೋಷ್ಟಕದಲ್ಲಿರುವ ಬೆರಕೆಗಳಲ್ಲಿ ಸಮೀಪವಾದುದನ್ನು ಸೂಚಿಸುತ್ತದೆ.

ಈ ಯಂತ್ರವು ಬೆರಕೆಯನ್ನು ನೋಡುವುದಿಲ್ಲ, ಊಹಿಸುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಹಿಂದಿರುಗಿದ ಬೆಳಕಿನಿಂದ ದ್ರವ್ಯವನ್ನು ಊಹಿಸುತ್ತದೆ. ಆದುದರಿಂದ ಅನುಮಾನದ ದೋಷಗಳು ಇದಕ್ಕೂ ತಗಲುತ್ತವೆ. ಅದು ಅಳೆಯುವುದು ನಾಣ್ಯದಷ್ಟು ಸ್ಥಳವನ್ನು ಮಾತ್ರ. ಅಲ್ಲಿ ಗೀರೋ ಹಳೆಯ ತೇಪೆಯೋ ಇದ್ದರೆ ಹೇತುವೇ ಅಸಿದ್ಧವಾಗುತ್ತದೆ. ಹಲವು ಕಡೆ ಅಳೆದು ಸರಾಸರಿಯನ್ನು ಹಿಡಿಯುವುದು ಇದಕ್ಕೆ ಪರಿಹಾರವು.

೭. ಚಿತ್ರರೂಪ: ಮೆಟಾಲಿಕ್ ಬಣ್ಣಗಳು

ಬೆಳ್ಳಿಯ ಬಣ್ಣದ ವಾಹನಗಳಲ್ಲಿ ಕಷ್ಟವು ದ್ವಿಗುಣವಾಗುತ್ತದೆ. ಹಲವು ಬಣ್ಣದ ನೂಲುಗಳಿಂದ ನೇಯ್ದ ಬಟ್ಟೆಯ ರೂಪವು ಒಂದೋ ಹಲವೋ ಎಂದು ನಮ್ಮ ತಾರ್ಕಿಕರು ಬಹುಕಾಲ ಚರ್ಚಿಸಿ, ಪ್ರಾಚೀನರು ಚಿತ್ರವೆಂಬ ಬೇರೊಂದು ರೂಪವನ್ನೇ ಒಪ್ಪಿದರು. ನವ್ಯರಲ್ಲಿ ಕೆಲವರು ಅದನ್ನು ನಿರಾಕರಿಸಿದರು. ಮೆಟಾಲಿಕ್ ಬಣ್ಣದಲ್ಲಿ ಇದೇ ಪ್ರಶ್ನೆಯು ಪ್ರತ್ಯಕ್ಷವಾಗಿದೆ. ಅದರಲ್ಲಿ ಅಲ್ಯುಮಿನಿಯಮ್ಮಿನ ತೆಳುವಾದ ಸೂಕ್ಷ್ಮ ಚಕ್ಕೆಗಳು ಕನ್ನಡಿಗಳಂತೆ ಮಲಗಿರುತ್ತವೆ. ಎದುರಿನಿಂದ ನೋಡಿದಾಗ ಬೆಳ್ಳಗೆ ಹೊಳೆಯುವ ಮೈ, ಓರೆಯಾಗಿ ನೋಡಿದಾಗ ಕಪ್ಪಾಗಿ ತೋರುತ್ತದೆ. ಪರ್ಲ್ ಎಂಬ ಬಣ್ಣಗಳಲ್ಲಿ ಲೋಹದ ಚಕ್ಕೆಗಳ ಬದಲು ಟೈಟೇನಿಯಮ್ಮಿನ ಲೇಪವಿರುವ ಕಾಗೆಬಂಗಾರದ ಚಕ್ಕೆಗಳಿದ್ದು, ನವಿಲುಗರಿಯಂತೆ ಬೆಳಕಿನ ಕೋನಕ್ಕೆ ತಕ್ಕ ಬಣ್ಣವನ್ನು ತೋರಿಸುತ್ತವೆ. ಈ ಕಾರಣದಿಂದಲೇ ಒಳ್ಳೆಯ ಯಂತ್ರಗಳು ೧೫, ೨೫, ೪೫, ೭೫, ೧೧೦ ಡಿಗ್ರಿಗಳೆಂಬ ಐದು ಕೋನಗಳಲ್ಲಿ ಅಳೆಯುತ್ತವೆ.

ಇಲ್ಲಿ ಬೆರಕೆಯಷ್ಟೇ ಕೈಚಳಕವೂ ಪ್ರಧಾನವು. ಗಾಳಿಯ ಒತ್ತಡವನ್ನು ಹೆಚ್ಚಿಸಿ ತೆಳುವಾಗಿ ಒಣಒಣಗಾಗಿ ಹೊಡೆದರೆ ಬಣ್ಣವು ಬೆಳ್ಳಗಾಗುತ್ತದೆ. ಹಸಿಹಸಿಯಾಗಿ ತುಂಬ ಹೊಡೆದರೆ ಕಪ್ಪಾಗುತ್ತದೆ. ಡಬ್ಬಿಯನ್ನು ಚೆನ್ನಾಗಿ ಕಲಕದಿದ್ದರೆ ಚಕ್ಕೆಗಳು ತಳದಲ್ಲಿ ಉಳಿಯುತ್ತವೆ. ಪ್ಲಾಸ್ಟಿಕ್ಕಿನ ಬಂಪರು ಕಾರ್ಖಾನೆಯಿಂದ ಬಂದ ದಿನವೇ ಮೈಯಿಂದ ತುಸು ಭಿನ್ನವಾಗಿ ತೋರುವುದುಂಟು. ಆದುದರಿಂದ ಬಾಗಿಲಿಗೆ ಬಂಪರನ್ನು ಸಾಕ್ಷಿಯಾಗಿ ಹಿಡಿಯಬಾರದು.

೮. ನಿರ್ಣಯಕ್ರಮ

ಮೇಲಿನ ವಿಚಾರದಿಂದ ಈ ಕ್ರಮವು ಫಲಿಸುತ್ತದೆ. ಮೊದಲು ಫಲಕದ ಸಂಕೇತವನ್ನು ಬರೆದುಕೊಳ್ಳಬೇಕು. ವಾಹನವು ಹಿಂದೆಯೇ ಬಣ್ಣ ಹೊಡೆಸಿಕೊಂಡಿದೆಯೇ ಎಂದು ನೋಡಬೇಕು. ಸಂಶಯವಿದ್ದರೆ, ಹೇಗೂ ಬಣ್ಣ ಹೊಡೆಯಬೇಕಾದ ಸ್ಥಳದಲ್ಲಿ ಉಜ್ಜುಕಾಗದದಿಂದ ಓರೆಯಾಗಿ ಉಜ್ಜಿದರೆ, ಉತ್ಖನನದ ಮಣ್ಣಿನ ಸ್ತರಗಳಂತೆ ಪದರಗಳು ಒಂದೊಂದಾಗಿ ಕಾಣುತ್ತವೆ. ಅನಂತರ ಮೈಯನ್ನು ತೊಳೆದು ಪಾಲಿಶ್ ಮಾಡಿ, ಕಂಪೆನಿಯ ಷೇಡ್ ಕಾರ್ಡುಗಳಲ್ಲಿ ಆ ಸಂಕೇತದ ಎಲ್ಲ ಉಪಭೇದಗಳನ್ನೂ ಮೈಗೆ ಹಿಡಿದು ನೋಡಿ, ಸಮೀಪವಾದುದನ್ನು ಆರಿಸಬೇಕು. ಯಂತ್ರವಿದ್ದರೆ ಅದರ ಮತವನ್ನೂ ಕೇಳಬೇಕು.

ಬೆರಕೆಯು ಸಿದ್ಧವಾದ ಮೇಲೆ ಅದನ್ನು ನೇರವಾಗಿ ವಾಹನಕ್ಕೆ ಹೊಡೆಯಲೇಬಾರದು. ಒಂದು ತಗಡಿನ ತುಂಡಿಗೆ, ವಾಹನಕ್ಕೆ ಹಾಕುವ ಪ್ರೈಮರನ್ನೇ ಹಾಕಿ, ಅದೇ ಗನ್ನಿನಿಂದ ಅದೇ ಒತ್ತಡದಲ್ಲಿ ಅಷ್ಟೇ ಸಲ ಬಣ್ಣವನ್ನು ಹೊಡೆದು, ಕ್ಲಿಯರ್ ಕೋಟನ್ನೂ ಹಾಕಿ ಒಣಗಿಸಬೇಕು. ಕ್ಲಿಯರ್ ಕೋಟು ಬಿದ್ದ ಮೇಲೆ ಬಣ್ಣವು ಗಾಢವಾಗುವುದರಿಂದ ಅದಿಲ್ಲದ ಪರೀಕ್ಷೆಯು ಪರೀಕ್ಷೆಯಲ್ಲ. ಕೆಂಪು, ಹಳದಿ, ಪರ್ಲ್ ಬಣ್ಣಗಳಿಗೆ ಮುಚ್ಚುವ ಶಕ್ತಿಯು ಕಡಿಮೆಯಾದುದರಿಂದ ಅಡಿಯ ಪ್ರೈಮರಿನ ಛಾಯೆಯೂ ಮೇಲಕ್ಕೆ ಇಣುಕುತ್ತದೆ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ, ವರ್ಣಗಳನ್ನು ಹೇಳುವುದಕ್ಕೆ ಮೊದಲೇ ಗೋಡೆಯನ್ನು ಸಿದ್ಧಗೊಳಿಸುವ ಲೇಪವನ್ನು ವಿಧಿಸಿರುವುದನ್ನು ಇಲ್ಲಿ ಸ್ಮರಿಸಬಹುದು. ತಳಹದಿಯು ವರ್ಣದ ಅಂಗವೇ ಆಗಿದೆ.

ಪರೀಕ್ಷೆಯ ತುಂಡನ್ನು ವಾಹನದ ಮೈಯ ಸಮತಲದಲ್ಲಿಯೇ ಹಿಡಿದು, ಎದುರಿನಿಂದಲೂ ಓರೆಯಿಂದಲೂ, ಮೂರು ಬೆಳಕುಗಳಲ್ಲಿಯೂ ನೋಡಬೇಕು. ಹೊಂದದಿದ್ದರೆ ಹನಿಹನಿಯಾಗಿ ತಿದ್ದಿ ಮತ್ತೊಂದು ತುಂಡನ್ನು ಹೊಡೆಯಬೇಕು. ಎಷ್ಟು ತಿದ್ದಿದರೂ ಅಲ್ಪಭೇದವು ಉಳಿದರೆ, ಬಣ್ಣವನ್ನು ಬಾಗಿಲಿನ ಅಂಚಿಗೆ ನಿಲ್ಲಿಸದೆ ನೆರೆಯ ಭಾಗದ ಮೇಲೆ ಕ್ರಮೇಣ ತೆಳುವಾಗುವಂತೆ ಹಾಯಿಸಿ, ಅದರ ಮೇಲೆ ಇಡಿಯಾಗಿ ಕ್ಲಿಯರ್ ಕೋಟನ್ನು ಹಾಕಬೇಕು. ಎಲ್ಲೆಯು ಇಲ್ಲದಿರುವಲ್ಲಿ ಕಣ್ಣು ಭೇದವನ್ನು ಗ್ರಹಿಸಲಾರದು.

೯. ಉಪಸಂಹಾರ

ಸಂಕೇತ, ಕಣ್ಣು, ಯಂತ್ರ ಎಂಬ ಮೂರು ಪ್ರಮಾಣಗಳಲ್ಲಿ ಯಾವುದೊಂದೂ ತಾನೇ ಸಾಲದು; ಮೂರಕ್ಕೂ ಕೊನೆಯ ನಿಕಷವು ಪರೀಕ್ಷೆಯ ತುಂಡು. ಈ ವಿಷಯವನ್ನು ತಿಳಿದ ಮೇಲೆ ನಾನು ಆ ಗ್ಯಾರೇಜಿಗೆ ಹೋಗಿ, ಮೋಸವೆಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬಾಕಿಯನ್ನು ಸಲ್ಲಿಸಿದೆನು. ಮೇಸ್ತ್ರಿಯೂ ತುಂಡಿನ ಪರೀಕ್ಷೆಯನ್ನು ಮಾಡದಿದ್ದುದು ತನ್ನ ತಪ್ಪೆಂದು ಒಪ್ಪಿ, ಅದೇ ಸಂಕೇತದ ಬೇರೊಂದು ಉಪಭೇದವನ್ನು ತರಿಸಿ, ಬಣ್ಣವನ್ನು ಹಿಂಬಾಗಿಲಿನವರೆಗೆ ಹಾಯಿಸಿ ಸರಿಪಡಿಸಿದನು. ಈಗ ಬಿಸಿಲಿನಲ್ಲಿ ನಿಂತು ನೋಡಿದರೂ ಯಾವ ಬಾಗಿಲು ಪೆಟ್ಟು ತಿಂದಿತೆಂಬುದನ್ನು ನಾನು ನೆನಪಿನಿಂದ ಹೇಳಬೇಕೇ ಹೊರತು ಕಣ್ಣಿನಿಂದ ಹೇಳಲಾರೆನು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಣ್ಣವು ಹೊಂದಲಿಲ್ಲವೆಂದು ನಡೆಯುವ ಜಗಳಗಳಲ್ಲಿ ಹಲವು ಇಂತಹವೇ ಆಗಿವೆ. ಬಣ್ಣ ಹೊಡೆಯಿಸುವವರು ಮೊದಲೇ ಪರೀಕ್ಷೆಯ ತುಂಡನ್ನು ಕೇಳಿ, ಅದಕ್ಕೆ ತಗಲುವ ಹೊತ್ತನ್ನೂ ಹಣವನ್ನೂ ಕೊಡಲು ಒಪ್ಪಿದರೆ ಉಭಯರಿಗೂ ಕ್ಷೇಮವು.